ಹರಿಕೇನ್ ಸಮೀಪಿಸುವಾಗ ಕಡಲು ಮತ್ತು ಕರಾವಳಿಯ ಸ್ಥಿತಿ

ಹರಿಕೇನ್ ಎಂಬುದು ಉತ್ತರ ಅಟ್ಲಾಂಟಿಕ್ ಸಾಗರ, ಕೆರಿಬಿಯನ್ ಸಮುದ್ರ, ಮೆಕ್ಸಿಕೊ ಕೊಲ್ಲಿ ಹಾಗೂ ಪೆಸಿಫಿಕ್ ಸಾಗರದ ಪೂರ್ವ ಮತ್ತು ಮಧ್ಯ ಭಾಗಗಳಲ್ಲಿ ಉಂಟಾಗುವ ಪ್ರಬಲ ಉಷ್ಣವಲಯದ ಚಂಡಮಾರುತವಾಗಿದೆ. ಇಂತಹ ಚಂಡಮಾರುತವು ಕರಾವಳಿಯನ್ನು ತಲುಪುವ ಹಲವು ದಿನಗಳ ಮೊದಲೇ ಕಡಲಿನಲ್ಲಿ ಬದಲಾವಣೆಗಳು ಕಾಣಿಸಿಕೊಳ್ಳುತ್ತವೆ. ಮೊದಲು ದೂರದಿಂದ ದೀರ್ಘ ಅಲೆಗಳು ಬರುತ್ತವೆ. ಬಳಿಕ ಕಿನಾರೆಯಲ್ಲಿ ಸೆಳೆತ ಹೆಚ್ಚುತ್ತದೆ, ವಾಯುಭಾರ ಇಳಿಯುತ್ತದೆ, ಮಳೆಯ ಪಟ್ಟಿಗಳು ಬಂದುಹೋಗುತ್ತವೆ, ಕಡಲಿನ ಮಟ್ಟ ಏರತೊಡಗುತ್ತದೆ. ಚಂಡಗಾಳಿ ಬೀಸುವುದು ಇವೆಲ್ಲವುಗಳ ನಂತರ.

ಈ ಅನುಕ್ರಮವು ಜೀವರಕ್ಷಣೆಯ ದೃಷ್ಟಿಯಿಂದ ಮಹತ್ವದ್ದಾಗಿದೆ. ಹರಿಕೇನ್ ಎಂದರೆ ಗಾಳಿ ಎಂಬ ಭಾವನೆ ಸಾಮಾನ್ಯವಾಗಿದ್ದರೂ ಸಾವುಗಳಿಗೆ ಮುಖ್ಯ ಕಾರಣ ನೀರು. 1963ರಿಂದ 2012ರವರೆಗಿನ 50 ವರ್ಷಗಳಲ್ಲಿ ಅಟ್ಲಾಂಟಿಕ್ ಚಂಡಮಾರುತಗಳಿಂದ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೇರವಾಗಿ ಸಂಭವಿಸಿದ ಸಾವುಗಳನ್ನು ಹವಾಮಾನ ವಿಜ್ಞಾನಿ ಎಡ್ವರ್ಡ್ ರಾಪಾಪೋರ್ಟ್ 2014ರಲ್ಲಿ ವಿಶ್ಲೇಷಿಸಿದರು. ಅವುಗಳಲ್ಲಿ ಸುಮಾರು ಶೇ. 90ರಷ್ಟು ನೀರಿನಿಂದ ಉಂಟಾದವು. ಸುಮಾರು ಅರ್ಧದಷ್ಟು ಸಾವುಗಳಿಗೆ ಚಂಡಮಾರುತದ ಉಬ್ಬರವೂ ಕಾಲು ಭಾಗಕ್ಕೆ ಮಳೆಯ ನೆರೆಯೂ ಕಾರಣವಾಗಿದ್ದವು. ಗಾಳಿಯಿಂದ ಸತ್ತವರ ಪ್ರಮಾಣ ಶೇ. 10ನ್ನು ಮೀರಲಿಲ್ಲ.

ಹೆಸರು ಮತ್ತು ವರ್ಗೀಕರಣ

ಹರಿಕೇನ್ ಎಂಬ ಪದವು ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ತೈನೊ ಜನರ ಭಾಷೆಯಿಂದ ಸ್ಪ್ಯಾನಿಷ್ ಮೂಲಕ ಇಂಗ್ಲಿಷಿಗೆ ಬಂದಿದೆ. ಇದೇ ಬಗೆಯ ಚಂಡಮಾರುತವನ್ನು ಪಶ್ಚಿಮ ಪೆಸಿಫಿಕ್ ಪ್ರದೇಶದಲ್ಲಿ ಟೈಫೂನ್ ಎಂದೂ ಹಿಂದೂ ಮಹಾಸಾಗರದಲ್ಲಿ ಸೈಕ್ಲೋನ್ ಎಂದೂ ಕರೆಯುತ್ತಾರೆ. ಸೈಕ್ಲೋನ್ ಎಂಬ ಪದವನ್ನು ರೂಪಿಸಿದವರು ಕಲ್ಕತ್ತದಲ್ಲಿ ನೆಲೆಸಿದ್ದ ಹೆನ್ರಿ ಪಿಡಿಂಗ್ಟನ್. ನಾವಿಕರಿಗಾಗಿ ಅವರು ಬರೆದ ಕೈಪಿಡಿ 1848ರಲ್ಲಿ ಪ್ರಕಟವಾಯಿತು.

ಒಂದು ನಿಮಿಷದ ಸರಾಸರಿ ಗಾಳಿಯ ವೇಗ ಗಂಟೆಗೆ 63 ಕಿ.ಮೀ. (34 ನಾಟ್) ತಲುಪಿದಾಗ ಅದು ಉಷ್ಣವಲಯದ ಬಿರುಗಾಳಿ ಎನಿಸಿಕೊಂಡು ಹೆಸರನ್ನು ಪಡೆಯುತ್ತದೆ. ವೇಗ 119 ಕಿ.ಮೀ. (64 ನಾಟ್) ಮುಟ್ಟಿದರೆ ಅದು ಹರಿಕೇನ್. ಸಾಫಿರ್–ಸಿಂಪ್ಸನ್ ಮಾಪಕವು ಹರಿಕೇನ್‌ಗಳನ್ನು ಐದು ವರ್ಗಗಳಾಗಿ ವಿಂಗಡಿಸುತ್ತದೆ. ಐದನೆಯ ವರ್ಗದಲ್ಲಿ ಗಾಳಿಯ ವೇಗ 252 ಕಿ.ಮೀ. ಅಥವಾ ಅದಕ್ಕಿಂತ ಹೆಚ್ಚು. ಈ ಮಾಪಕವು ಅಳೆಯುವುದು ಗಾಳಿಯನ್ನು ಮಾತ್ರ ಎಂಬುದನ್ನು ಓದುಗರು ಗಮನಿಸಬೇಕು. ಹಿಂದೆ ಪ್ರತಿ ವರ್ಗದ ಜೊತೆಗೆ ನಿರೀಕ್ಷಿತ ಉಬ್ಬರದ ಎತ್ತರವನ್ನೂ ಕೊಡುತ್ತಿದ್ದರು. ಎರಡರ ನಡುವೆ ಸರಳ ಸಂಬಂಧವಿಲ್ಲದ ಕಾರಣ 2010ರಲ್ಲಿ ಅದನ್ನು ಕೈಬಿಡಲಾಯಿತು.

ಅಟ್ಲಾಂಟಿಕ್ ಹರಿಕೇನ್ ಋತುವು ಜೂನ್ 1ರಿಂದ ನವೆಂಬರ್ 30ರವರೆಗೆ ಇರುತ್ತದೆ.

ಮೊದಲ ಸೂಚನೆ: ದೂರದ ಅಲೆಗಳು

ಹರಿಕೇನ್‌ನ ಗಾಳಿ ಕಡಲಿನ ಮೇಲೆ ಎಬ್ಬಿಸುವ ಅಲೆಗಳು ಗಾಳಿಯ ಕ್ಷೇತ್ರವನ್ನು ದಾಟಿ ಮುಂದೆ ಸಾಗುತ್ತವೆ. ಹೀಗೆ ತಮ್ಮನ್ನು ಹುಟ್ಟಿಸಿದ ಗಾಳಿಯಿಂದ ದೂರವಾಗಿ, ನುಣುಪಾದ ಉಬ್ಬುತಗ್ಗುಗಳಾಗಿ ಚಲಿಸುವ ಅಲೆಗಳಿಗೆ ಸ್ವೆಲ್ ಎಂದು ಹೆಸರು. ಒಂದು ಅಲೆಯ ತುದಿ ಬಂದು ಮುಂದಿನ ಅಲೆಯ ತುದಿ ಬರುವವರೆಗಿನ ಕಾಲವನ್ನು ಅಲೆಯ ಅವಧಿ ಎನ್ನುತ್ತಾರೆ. ಕಿನಾರೆಯ ಸಮೀಪದ ಸಾಧಾರಣ ಗಾಳಿಯಿಂದ ಏಳುವ ಅಲೆಗಳ ಅವಧಿ ಕೆಲವೇ ಸೆಕೆಂಡುಗಳು. ದೂರದ ಹರಿಕೇನ್‌ನ ಸ್ವೆಲ್ ಅಲೆಗಳ ಅವಧಿ ಹಲವು ಬಾರಿ 12ರಿಂದ 16 ಸೆಕೆಂಡುಗಳಷ್ಟಿರುತ್ತದೆ.

ಆಳವಾದ ನೀರಿನಲ್ಲಿ ಅಲೆಯ ಅವಧಿ ಹೆಚ್ಚಿದಷ್ಟೂ ವೇಗ ಹೆಚ್ಚುತ್ತದೆ. 15 ಸೆಕೆಂಡ್ ಅವಧಿಯ ಅಲೆಗಳ ಗುಂಪು ಗಂಟೆಗೆ ಸುಮಾರು 42 ಕಿ.ಮೀ. ವೇಗದಲ್ಲಿ, ಅಂದರೆ ದಿನಕ್ಕೆ ಸುಮಾರು 1000 ಕಿ.ಮೀ. ಸಾಗುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಮುಂದುವರಿಯುವ ಹರಿಕೇನ್ ಅಷ್ಟೇ ಸಮಯದಲ್ಲಿ ಅದರ ಅರ್ಧದಷ್ಟು ದೂರವನ್ನೂ ಕ್ರಮಿಸುವುದಿಲ್ಲ. ಆದ್ದರಿಂದ 2000 ಕಿ.ಮೀ. ದೂರದಲ್ಲಿರುವ ಹರಿಕೇನ್‌ನ ಅಲೆಗಳು ಎರಡು ದಿನಗಳಲ್ಲಿ ದಡ ಸೇರಿದರೆ ಹರಿಕೇನ್ ಬರಲು ಇನ್ನೂ ಎರಡು ದಿನ ಉಳಿದಿರುತ್ತದೆ. ಅದು ದಿಕ್ಕು ಬದಲಿಸಿ ಬೇರೆಡೆಗೆ ಹೋಗಲೂಬಹುದು. ಅಲೆಗಳು ಮಾತ್ರ ತಪ್ಪದೆ ಬರುತ್ತವೆ.

ದೀರ್ಘ ಅವಧಿಯ ಅಲೆಗಳು ವೇಗವಾಗಿ ಚಲಿಸುವುದರಿಂದ ದಡಕ್ಕೆ ಮೊದಲು ಮುಟ್ಟುವುದು ಅವೇ. ಕ್ರಮೇಣ ಅವಧಿ ಕಡಿಮೆಯಾಗುತ್ತ, ಎತ್ತರ ಹೆಚ್ಚುತ್ತ ಬಂದರೆ ಚಂಡಮಾರುತವು ಹತ್ತಿರವಾಗುತ್ತಿದೆ ಎಂದು ಊಹಿಸಬಹುದು. ಸ್ವೆಲ್ ಬರುತ್ತಿರುವ ದಿಕ್ಕು ಬದಲಾಗದೆ ಉಳಿದರೆ ಕೇಂದ್ರವು ಬಹುತೇಕ ನೋಡುಗನತ್ತಲೇ ಬರುತ್ತಿರುತ್ತದೆ. ದಿಕ್ಕು ನಿಧಾನವಾಗಿ ಸರಿಯುತ್ತಿದ್ದರೆ ಅದು ಪಕ್ಕದಿಂದ ಹಾದುಹೋಗುವ ಸಾಧ್ಯತೆ ಹೆಚ್ಚು. ರೇಡಿಯೊ ಮತ್ತು ಉಪಗ್ರಹಗಳಿಲ್ಲದ ಕಾಲದಲ್ಲಿ ನಾವಿಕರು ನೆಚ್ಚಿಕೊಂಡಿದ್ದ ಮುಖ್ಯ ಲಕ್ಷಣಗಳಲ್ಲಿ ಇದೂ ಒಂದು.

ಈ ಅಲೆಗಳು ತೆರೆದ ಕಡಲಿನಲ್ಲಿ ನೋಡಲು ಭಯಂಕರವಾಗಿರುವುದಿಲ್ಲ. 15 ಸೆಕೆಂಡ್ ಅವಧಿಯ ಅಲೆಯ ಉದ್ದ ಸುಮಾರು 350 ಮೀಟರ್ ಇರುವುದರಿಂದ ಅದರ ಇಳಿಜಾರು ಬಹಳ ಕಡಿಮೆ. ನೀರಿನ ಆಳವು ಅಲೆಯ ಉದ್ದದ ಅರ್ಧಕ್ಕಿಂತ ಕಡಿಮೆಯಾದಾಗ, ಇಲ್ಲಿ ಸುಮಾರು 175 ಮೀಟರ್‌ನಿಂದ, ಅಲೆಗೆ ತಳದ ಸ್ಪರ್ಶವಾಗತೊಡಗುತ್ತದೆ. ದಡದ ಹತ್ತಿರ ಅದರ ವೇಗ ತಗ್ಗಿ, ಉದ್ದ ಕುಗ್ಗಿ, ಎತ್ತರ ಏರಿ, ಕೊನೆಗೆ ಒಡೆಯುತ್ತದೆ. ಎರಡು ದೊಡ್ಡ ಅಲೆಗಳ ಗುಂಪುಗಳ ನಡುವೆ ಹಲವು ನಿಮಿಷಗಳ ಶಾಂತ ಅವಧಿಯೂ ಇರುತ್ತದೆ. ಬಂಡೆಗಳ ಮೇಲೆ ನಿಂತವರನ್ನು ಮೋಸಗೊಳಿಸುವುದು ಈ ಬಿಡುವು.

2009ರ ಆಗಸ್ಟ್ 23ರಂದು ಬಿಲ್ ಹರಿಕೇನ್ ಅಮೆರಿಕದ ಈಶಾನ್ಯ ಕರಾವಳಿಯಿಂದ ದೂರದಲ್ಲಿ ಕೆನಡಾದ ಕಡೆಗೆ ಸಾಗುತ್ತಿತ್ತು. ಮೇನ್ ರಾಜ್ಯದ ಅಕೇಡಿಯ ರಾಷ್ಟ್ರೀಯ ಉದ್ಯಾನದಲ್ಲಿ ಅದರ ಅಲೆಗಳನ್ನು ನೋಡಲು ಜನ ಸೇರಿದ್ದರು. ಅಲೆಯೊಂದು ಬಂಡೆಗಳ ಮೇಲಿದ್ದವರನ್ನು ಕಡಲಿಗೆ ಎಳೆದೊಯ್ದು, ಏಳು ವರ್ಷದ ಬಾಲಕಿಯೊಬ್ಬಳು ಮೃತಪಟ್ಟಳು.

ರಿಪ್ ಪ್ರವಾಹ

ಒಡೆದ ಅಲೆಗಳು ದಡದತ್ತ ತಳ್ಳಿದ ನೀರು ಎಲ್ಲಿಂದಲಾದರೂ ಹಿಂದಿರುಗಲೇಬೇಕು. ಮರಳುದಿಬ್ಬಗಳ ನಡುವಿನ ತಗ್ಗುಗಳಲ್ಲಿ, ಕಲ್ಲಿನ ತಡೆಗೋಡೆ ಮತ್ತು ಹಡಗುಕಟ್ಟೆಗಳ ಪಕ್ಕದಲ್ಲಿ ಅದು ಕಿರಿದಾದ ಹರಿವಾಗಿ ಕಡಲಿನತ್ತ ಹರಿಯುತ್ತದೆ. ಇದನ್ನು ರಿಪ್ ಪ್ರವಾಹ ಎನ್ನುತ್ತಾರೆ. ಸೆಕೆಂಡಿಗೆ 2 ಮೀಟರ್‌ಗಿಂತ ಹೆಚ್ಚಿನ ವೇಗವೂ ದಾಖಲಾಗಿದ್ದು, ನುರಿತ ಈಜುಗಾರನೂ ಅದರ ಎದುರು ಈಜಲಾರ. ರಿಪ್ ಪ್ರವಾಹವು ಮನುಷ್ಯನನ್ನು ನೀರಿನ ಕೆಳಗೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಅದರ ಎದುರು ಈಜಿ ದಣಿಯುವುದರಿಂದಲೇ ಹೆಚ್ಚಿನ ಸಾವುಗಳಾಗುತ್ತವೆ. ಸಿಕ್ಕಿಕೊಂಡವರು ತೇಲುತ್ತ ಉಸಿರು ಕಾಪಾಡಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹರಿವಿನಿಂದ ಹೊರಬರಬೇಕು ಎಂಬುದು ಜೀವರಕ್ಷಕರ ಸಾಮಾನ್ಯ ಸಲಹೆ.

ಹರಿಕೇನ್‌ನ ಸ್ವೆಲ್ ತಲುಪುವ ದಿನಗಳಲ್ಲಿ ಕರಾವಳಿಯ ಆಕಾಶ ತಿಳಿಯಾಗಿರುವುದು, ಗಾಳಿ ಹಿತವಾಗಿರುವುದು ಅಪರೂಪವಲ್ಲ. ಅಂತಹ ದಿನ ಕಡಲತೀರದಲ್ಲಿ ಜನ ತುಂಬಿರುತ್ತಾರೆ. 2019ರ ಸೆಪ್ಟೆಂಬರ್ ಕೊನೆಯಲ್ಲಿ ಲೊರೆಂಜೊ ಹರಿಕೇನ್ ಅಟ್ಲಾಂಟಿಕ್‌ನ ನಡುಭಾಗದಲ್ಲಿ ಐದನೆಯ ವರ್ಗವನ್ನು ಮುಟ್ಟಿತು. ಸಾವಿರಾರು ಕಿ.ಮೀ. ಪಶ್ಚಿಮದಲ್ಲಿದ್ದ ಅಮೆರಿಕದ ಪೂರ್ವ ಕರಾವಳಿಯಲ್ಲಿ ಅದರ ಅಲೆಗಳು ಮತ್ತು ರಿಪ್ ಪ್ರವಾಹಗಳಿಗೆ ಸಿಕ್ಕಿ ಎಂಟು ಮಂದಿ ಪ್ರಾಣ ಕಳೆದುಕೊಂಡರು.

ಆಕಾಶ, ವಾಯುಭಾರ ಮತ್ತು ಗಾಳಿ

ಹರಿಕೇನ್‌ನ ಮೇಲ್ಭಾಗದಿಂದ ಹೊರಹರಿಯುವ ಗಾಳಿಯು ಹಿಮಕಣಗಳ ತೆಳು ಮೋಡಗಳನ್ನು ನೂರಾರು ಕಿ.ಮೀ. ದೂರಕ್ಕೆ ಹರಡುತ್ತದೆ. ಒಂದೆರಡು ದಿನ ಮೊದಲು ಈ ಗರಿಮೋಡಗಳು ದಿಗಂತದ ಒಂದು ಬಿಂದುವಿನಿಂದ ಹೊರಟಂತೆ ಕಾಣುತ್ತವೆ. ಆಮೇಲೆ ಅವು ತೆಳುಪರದೆಯಾಗಿ ಸೂರ್ಯ ಚಂದ್ರರ ಸುತ್ತ ವರ್ತುಲ ಮೂಡಿಸುತ್ತವೆ. ಮೋಡ ದಟ್ಟವಾಗುತ್ತ ಬಂದು, ಕೊನೆಗೆ ದಿಗಂತದಲ್ಲಿ ಕಪ್ಪು ಗೋಡೆಯಂತಹ ಪಟ್ಟಿ ಕಾಣಿಸುತ್ತದೆ. ಗರಿಮೋಡಗಳ ಚಲನೆಯಿಂದ ಹರಿಕೇನ್‌ನ ಸ್ಥಾನವನ್ನು ಅಂದಾಜು ಮಾಡುವ ವಿಧಾನವನ್ನು ಬೆಳೆಸಿದವರು ಕ್ಯೂಬಾದ ಹವಾನಾದಲ್ಲಿದ್ದ ಬೆಲೆನ್ ವೀಕ್ಷಣಾಲಯದ ಪಾದ್ರಿ ಬೆನಿಟೊ ವಿನ್ಯೆಸ್. ಅವರು 1875ರ ಸೆಪ್ಟೆಂಬರಿನಲ್ಲಿ ಹರಿಕೇನ್ ಮುನ್ಸೂಚನೆಯನ್ನು ಪ್ರಕಟಿಸಿದರು.

ಉಷ್ಣವಲಯದಲ್ಲಿ ವಾಯುಭಾರಮಾಪಕದ ಮಟ್ಟ ದಿನಕ್ಕೆ ಎರಡು ಬಾರಿ ಬಹಳ ಕ್ರಮಬದ್ಧವಾಗಿ ಸ್ವಲ್ಪ ಏರಿಳಿಯುತ್ತದೆ. ಈ ಏರಿಳಿತ ಅಸ್ತವ್ಯಸ್ತವಾಗುವುದು ಒಂದು ಸೂಚನೆ. ನಂತರದ ಇಳಿಕೆ ಮೊದಲು ನಿಧಾನವಾಗಿಯೂ ಕೇಂದ್ರ ಸಮೀಪಿಸಿದಾಗ ಕಡಿದಾಗಿಯೂ ಇರುತ್ತದೆ.

ಹೊರವಲಯದ ಮಳೆಪಟ್ಟಿಗಳು ಬಂದಾಗ ಕೆಲವು ನಿಮಿಷ ಬಿರುಸಾದ ಗಾಳಿ ಮಳೆ ಸುರಿದು ಮತ್ತೆ ಬಿಸಿಲು ಕಾಣುತ್ತದೆ. ಪ್ರತಿ ಪಟ್ಟಿಯೂ ಹಿಂದಿನದಕ್ಕಿಂತ ತೀವ್ರವಾಗಿರುತ್ತದೆ, ನಡುವಿನ ಬಿಡುವು ಕಿರಿದಾಗುತ್ತ ಹೋಗುತ್ತದೆ. ದಡ ಮುಟ್ಟುವ ಪಟ್ಟಿಗಳಲ್ಲಿ ಸುಂಟರಗಾಳಿಗಳು ಏಳುವುದೂ ಉಂಟು.

ತೆರೆದ ಕಡಲಿನಲ್ಲಿ

ನಾವಿಕರ ದೃಷ್ಟಿಯಲ್ಲಿ ನಿರ್ಣಾಯಕ ಗಡಿ ಹರಿಕೇನ್‌ನ ಕೇಂದ್ರವಲ್ಲ, 34 ನಾಟ್ ಗಾಳಿಯ ವಲಯದ ಅಂಚು. ಆ ವೇಗವನ್ನು ಮೀರಿದ ಮೇಲೆ ಅಲೆಗಳ ಎತ್ತರ ವೇಗವಾಗಿ ಹೆಚ್ಚಿ, ಹಡಗಿಗೆ ದಿಕ್ಕು ಬದಲಿಸುವ ಸ್ವಾತಂತ್ರ್ಯ ಉಳಿಯುವುದಿಲ್ಲ. ಈ ವಲಯದಿಂದ ದೂರವಿರಲು ಅಟ್ಲಾಂಟಿಕ್‌ನಲ್ಲಿ 1-2-3 ನಿಯಮ ಎಂಬ ಸರಳ ಲೆಕ್ಕವನ್ನು ಕಲಿಸುತ್ತಾರೆ. ಮುನ್ಸೂಚನೆಯಲ್ಲಿ ಹೇಳಿದ 34 ನಾಟ್ ತ್ರಿಜ್ಯಕ್ಕೆ 24 ಗಂಟೆಗಳ ಮುನ್ಸೂಚನೆಯಾದರೆ 100, 48 ಗಂಟೆಗಳದ್ದಾದರೆ 200, 72 ಗಂಟೆಗಳದ್ದಾದರೆ 300 ನಾಟಿಕಲ್ ಮೈಲಿಗಳನ್ನು ಸೇರಿಸಿ ಆ ವೃತ್ತದ ಹೊರಗೆ ಉಳಿಯಬೇಕು. ಸೇರಿಸುವ ದೂರವು ಮುನ್ಸೂಚನೆಯಲ್ಲಿ ಆಗಬಹುದಾದ ತಪ್ಪಿಗೆ ಬಿಟ್ಟ ಅವಕಾಶ. ಮುನ್ಸೂಚನೆಗಳು ಈಗ ಹಿಂದಿಗಿಂತ ನಿಖರವಾಗಿದ್ದರೂ ನಿಯಮದ ತಿರುಳು ಹಳತಾಗಿಲ್ಲ.

ಉತ್ತರಾರ್ಧಗೋಳದಲ್ಲಿ ಹರಿಕೇನ್‌ನ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಹರಿಕೇನ್ ಸಾಗುವ ದಿಕ್ಕಿಗೆ ಮುಖ ಮಾಡಿದರೆ ಬಲಭಾಗದಲ್ಲಿ ಸುತ್ತುವ ಗಾಳಿಗೆ ಮುನ್ನಡೆಯ ವೇಗವೂ ಕೂಡಿಕೊಳ್ಳುತ್ತದೆ. ಅಲ್ಲಿನ ಗಾಳಿ ಹಡಗನ್ನು ಹರಿಕೇನ್‌ನ ಮುಂದಿನ ಹಾದಿಯೊಳಕ್ಕೇ ತಳ್ಳುತ್ತದೆ. ಆದ್ದರಿಂದ ಬಲಭಾಗವನ್ನು ಅಪಾಯದ ಅರ್ಧವೃತ್ತ ಎಂದೂ ಎಡಭಾಗವನ್ನು ಸಂಚಾರಯೋಗ್ಯ ಅರ್ಧವೃತ್ತ ಎಂದೂ ಕರೆಯುತ್ತಾರೆ. ಎರಡನೆಯ ಹೆಸರನ್ನು ಅಕ್ಷರಶಃ ನಂಬಬಾರದು. ಬಲಭಾಗದ ಅಲೆಗಳು ಹರಿಕೇನ್‌ನ ಜೊತೆಯಲ್ಲೇ ಅದೇ ದಿಕ್ಕಿಗೆ ಸಾಗುವುದರಿಂದ ಗಾಳಿಯ ಹಿಡಿತದಲ್ಲಿ ಬಹುಕಾಲ ಉಳಿದು ಇನ್ನೂ ಬೆಳೆಯುತ್ತವೆ.

ಗಾಳಿಗೆ ಬೆನ್ನು ಮಾಡಿ ನಿಂತರೆ ಕೇಂದ್ರವು ಎಡಗಡೆಗೆ, ಸ್ವಲ್ಪ ಮುಂದಕ್ಕೆ ಇರುತ್ತದೆ. ಇದು ಡಚ್ ವಿಜ್ಞಾನಿ ಬೈಸ್ ಬ್ಯಾಲಟ್ ಹೆಸರಿನ ನಿಯಮದಿಂದ ಬಂದ ಸೂತ್ರ. ನಿಂತ ಹಡಗಿನಲ್ಲಿ ಗಾಳಿಯ ದಿಕ್ಕು ಪ್ರದಕ್ಷಿಣೆಯಾಗಿ ಬದಲಾಗುತ್ತಿದ್ದರೆ ಹಡಗು ಅಪಾಯದ ಅರ್ಧವೃತ್ತದಲ್ಲಿದೆ, ಅಪ್ರದಕ್ಷಿಣೆಯಾಗಿ ಬದಲಾಗುತ್ತಿದ್ದರೆ ಎಡಭಾಗದಲ್ಲಿದೆ. ಗಾಳಿಯ ದಿಕ್ಕು ಬದಲಾಗದೆ ವಾಯುಭಾರ ಇಳಿಯುತ್ತಲೇ ಇದ್ದರೆ ಹಡಗು ನೇರ ಹಾದಿಯಲ್ಲಿದೆ.

ಕಡಲಿನಲ್ಲಿ ಅಲೆಗಳ ಎತ್ತರವನ್ನು ಹೇಳುವಾಗ ಅತಿ ಎತ್ತರದ ಮೂರನೆಯ ಒಂದು ಭಾಗ ಅಲೆಗಳ ಸರಾಸರಿಯನ್ನು ಕೊಡುತ್ತಾರೆ. ಬಿಡಿ ಅಲೆಯೊಂದು ಅದರ ಸುಮಾರು ಎರಡರಷ್ಟು ಎತ್ತರವಿರಬಹುದು. 2005ರಲ್ಲಿ ಕತ್ರೀನಾ ಹರಿಕೇನ್ ಸಮೀಪಿಸಿದಾಗ ಅಲಬಾಮಾ ತೀರದಾಚೆಯ ತೇಲುಮಾಪಕವೊಂದು ಸುಮಾರು 16.9 ಮೀಟರ್ ಸರಾಸರಿಯನ್ನು ದಾಖಲಿಸಿತು. ಅದರ ಹಿಂದಿನ ವರ್ಷ ಐವನ್ ಹರಿಕೇನ್ ಮೆಕ್ಸಿಕೊ ಕೊಲ್ಲಿಯಲ್ಲಿ ಹಾದುಹೋದಾಗ ಅಮೆರಿಕದ ನೌಕಾಪಡೆಯ ಸಂಶೋಧನಾಲಯವು ತಳದಲ್ಲಿ ಇರಿಸಿದ್ದ ಉಪಕರಣಗಳು 27.7 ಮೀಟರ್ ಎತ್ತರದ ಬಿಡಿ ಅಲೆಯನ್ನು ಅಳೆದವು.

ಎಲ್ ಫಾರೊ ದುರಂತ

ಹರಿಕೇನ್ ಸಮೀಪಿಸುವಾಗ ಹಳೆಯ ಮಾಹಿತಿಯನ್ನು ನೆಚ್ಚುವುದರ ಪರಿಣಾಮಕ್ಕೆ ಎಲ್ ಫಾರೊ ಎಂಬ ಸರಕು ಹಡಗಿನ ಮುಳುಗಡೆ ಉದಾಹರಣೆಯಾಗಿದೆ. 40 ವರ್ಷ ಹಳೆಯದಾದ, ಸುಮಾರು 240 ಮೀಟರ್ ಉದ್ದದ ಈ ಹಡಗು 2015ರ ಸೆಪ್ಟೆಂಬರ್ 29ರ ಸಂಜೆ ಫ್ಲಾರಿಡಾದ ಜಾಕ್ಸನ್‌ವಿಲ್‌ನಿಂದ ಪೋರ್ಟೊ ರಿಕೊದ ಸ್ಯಾನ್ ವಾನ್ ಬಂದರಿಗೆ ಹೊರಟಿತು. ಆಗ ಹ್ವಾಕೀನ್ ಇನ್ನೂ ಉಷ್ಣವಲಯದ ಬಿರುಗಾಳಿಯಾಗಿತ್ತು. ಅದು ಬೇಗ ಉತ್ತರಕ್ಕೆ ತಿರುಗುವುದೆಂದು ಮೊದಲ ಮುನ್ಸೂಚನೆಗಳು ಹೇಳಿದ್ದವು. ಅದರ ಬದಲು ಅದು ನೈಋತ್ಯಕ್ಕೆ, ಬಹಾಮಾ ದ್ವೀಪಗಳತ್ತ ಸಾಗುತ್ತ ತೀವ್ರಗೊಂಡಿತು. ಅಕ್ಟೋಬರ್ 1ರ ಬೆಳಿಗ್ಗೆ ಹಡಗು ಕ್ರೂಕೆಡ್ ದ್ವೀಪದ ಬಳಿ ಮುಳುಗಿತು. ಅದರಲ್ಲಿದ್ದ 33 ಮಂದಿಯೂ ಸತ್ತರು.

ಮರುವರ್ಷ ಸುಮಾರು 4,600 ಮೀಟರ್ ಆಳದಿಂದ ಮೇಲೆತ್ತಿದ ಧ್ವನಿಮುದ್ರಣ ಯಂತ್ರದಲ್ಲಿ 26 ಗಂಟೆಗಳ ಸಂಭಾಷಣೆ ದೊರೆಯಿತು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯ ಪ್ರಕಾರ ಕಪ್ತಾನನು ಮುಖ್ಯವಾಗಿ ನೋಡುತ್ತಿದ್ದ ಹವಾಮಾನ ನಕ್ಷೆಗಳಲ್ಲಿನ ಹರಿಕೇನ್ ಸ್ಥಾನವು ಹಲವು ಗಂಟೆಗಳಷ್ಟು ಹಳೆಯದಾಗಿತ್ತು. ಹೊಸ ಮಾಹಿತಿ ಹಡಗಿನ ಮೇಲೆಯೇ ಬೇರೊಂದು ಸಾಧನದಲ್ಲಿ ಬರುತ್ತಿತ್ತು. ರಾತ್ರಿ ಕಾವಲಿನಲ್ಲಿದ್ದ ಅಧಿಕಾರಿಗಳು ಅದನ್ನು ಗಮನಿಸಿ, ದಾರಿ ಬದಲಿಸುವ ವಿಷಯವನ್ನು ಕಪ್ತಾನನಿಗೆ ತಿಳಿಸಿದ್ದರೂ ಹಡಗು ಅದೇ ದಾರಿಯಲ್ಲಿ ಮುಂದುವರಿಯಿತು. ಒಳಗೆ ನೀರು ನುಗ್ಗಿ ಹಡಗು ವಾಲಿದಾಗ ಎಂಜಿನ್‌ಗೆ ಎಣ್ಣೆಯ ಪೂರೈಕೆ ತಪ್ಪಿ ಚಾಲನೆ ನಿಂತುಹೋಯಿತು. ಅಂತಹ ಕಡಲಿನಲ್ಲಿ ಚಾಲನೆಯಿಲ್ಲದ ಹಡಗು ಅಲೆಗಳಿಗೆ ಅಡ್ಡಲಾಗಿ ತಿರುಗುತ್ತದೆ. ಅಲ್ಲಿಂದ ಮುಂದೆ ಮಾಡಲು ಹೆಚ್ಚೇನೂ ಇರುವುದಿಲ್ಲ.

ಚಂಡಮಾರುತದ ಉಬ್ಬರ

ಹರಿಕೇನ್‌ನ ಪ್ರಭಾವದಿಂದ ಕಡಲಿನ ಮಟ್ಟವು ದಿನನಿತ್ಯದ ಭರತ ಇಳಿತಗಳ ಮಟ್ಟವನ್ನು ಮೀರಿ ಏರುವುದನ್ನು ಚಂಡಮಾರುತದ ಉಬ್ಬರ ಅಥವಾ ಸ್ಟಾರ್ಮ್ ಸರ್ಜ್ ಎನ್ನುತ್ತಾರೆ. ಕಡಿಮೆ ವಾಯುಭಾರವು ನೀರನ್ನು ಮೇಲೆತ್ತುವುದರಿಂದ ಇದು ಉಂಟಾಗುತ್ತದೆ ಎಂಬ ವಿವರಣೆ ಹಲವೆಡೆ ಕಾಣಸಿಗುತ್ತದೆ. ಅದು ಭಾಗಶಃ ಮಾತ್ರ ಸರಿ. ವಾಯುಭಾರ ಒಂದು ಹೆಕ್ಟೊಪಾಸ್ಕಲ್ ಇಳಿದರೆ ಕಡಲು ಸುಮಾರು ಒಂದು ಸೆಂ.ಮೀ. ಏರುತ್ತದೆ. 920 ಹೆಕ್ಟೊಪಾಸ್ಕಲ್ ವಾಯುಭಾರದೊಂದಿಗೆ ದಡ ಮುಟ್ಟಿದ ಕತ್ರೀನಾದಲ್ಲಿಯೂ ಈ ಕಾರಣದಿಂದ ಒಂದು ಮೀಟರ್‌ಗಿಂತ ಕಡಿಮೆ ಏರಿಕೆಯಷ್ಟೇ ಸಾಧ್ಯ. ಮಿಸಿಸಿಪಿಯ ಪಾಸ್ ಕ್ರಿಶ್ಚಿಯನ್ ಎಂಬಲ್ಲಿ ನೀರು ಏರಿದ್ದು ಸುಮಾರು 8.5 ಮೀಟರ್. ಉಳಿದದ್ದನ್ನು ಮಾಡಿದ್ದು ಮುಖ್ಯವಾಗಿ ಗಾಳಿ, ಜೊತೆಗೆ ಒಡೆಯುವ ಅಲೆಗಳು.

ಗಾಳಿಯು ಮೇಲ್ಮೈ ನೀರನ್ನು ದಡದತ್ತ ನೂಕುತ್ತದೆ. ಆಳವಾದ ಕಡಲಿನಲ್ಲಿ ಆ ನೀರು ಕೆಳಗಿನಿಂದ ಹಿಂದಕ್ಕೆ ಹರಿದುಹೋಗಬಲ್ಲದು. ತಳ ಮೇಲಿದ್ದರೆ ಹಿಂದಿರುಗಲು ಜಾಗವಿಲ್ಲದೆ ನೀರು ದಡದ ಬಳಿ ರಾಶಿಯಾಗುತ್ತದೆ. ಹಾಗಾಗಿ ಉಬ್ಬರದ ಎತ್ತರವನ್ನು ನಿರ್ಧರಿಸುವಲ್ಲಿ ಗಾಳಿಯ ವೇಗದಷ್ಟೇ ಕಡಲತಳದ ಇಳಿಜಾರೂ ಮುಖ್ಯ. ಲೂಸಿಯಾನ, ಮಿಸಿಸಿಪಿ ಹಾಗೂ ಫ್ಲಾರಿಡಾದ ಪಶ್ಚಿಮ ತೀರಗಳಲ್ಲಿ ಆಳವಿಲ್ಲದ ಕಡಲು ಬಹುದೂರ ಚಾಚಿರುವುದರಿಂದ ಉಬ್ಬರ ಎತ್ತರವಾಗುತ್ತದೆ. ಫ್ಲಾರಿಡಾದ ಆಗ್ನೇಯ ತೀರದಲ್ಲಿ ತಳ ಬೇಗ ಆಳವಾಗುವುದರಿಂದ ಉಬ್ಬರ ಕಡಿಮೆ, ಅಲೆಗಳ ಹೊಡೆತ ಹೆಚ್ಚು. ಹರಿಕೇನ್‌ನ ಗಾತ್ರ, ಅದು ದಡವನ್ನು ಮುಟ್ಟುವ ಕೋನ, ಮುನ್ನಡೆಯ ವೇಗ, ಕೊಲ್ಲಿ ಮತ್ತು ಅಳಿವೆಗಳ ಆಕಾರ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ.

1969ರಲ್ಲಿ ಅದೇ ಮಿಸಿಸಿಪಿ ತೀರಕ್ಕೆ ಅಪ್ಪಳಿಸಿದ ಕಮಿಲ್ ಐದನೆಯ ವರ್ಗದ ಹರಿಕೇನ್ ಆಗಿತ್ತು. ದಡ ಮುಟ್ಟುವಾಗ ಕತ್ರೀನಾ ಮೂರನೆಯ ವರ್ಗದಲ್ಲಿತ್ತು. ಆದರೆ ಅದರ ಗಾತ್ರ ಬಹಳ ದೊಡ್ಡದಾಗಿದ್ದು, ಉಬ್ಬರ ಕಮಿಲ್‌ಗಿಂತ ಎತ್ತರವಾಗಿ, ಇನ್ನಷ್ಟು ಒಳನಾಡಿಗೆ ನುಗ್ಗಿತು. ಕಮಿಲ್‌ನಲ್ಲಿ ನೀರು ಬಾರದ ಮನೆ ಸುರಕ್ಷಿತ ಎಂದು ನಂಬಿ ಉಳಿದವರಲ್ಲಿ ಹಲವರು ಬದುಕಲಿಲ್ಲ.

ಭರತದ ಸಮಯವೂ ಅಷ್ಟೇ ಮುಖ್ಯ. 2012ರ ಅಕ್ಟೋಬರ್ 29ರಂದು ಸ್ಯಾಂಡಿಯ ಉಬ್ಬರವು ಹುಣ್ಣಿಮೆಯ ಭರತದೊಂದಿಗೆ ಸೇರಿ ನ್ಯೂಯಾರ್ಕ್‌ನ ಬ್ಯಾಟರಿ ಮಾಪನ ಕೇಂದ್ರದಲ್ಲಿ ಸರಾಸರಿ ಕನಿಷ್ಠ ಇಳಿತದ ಮಟ್ಟದಿಂದ ಸುಮಾರು 4.28 ಮೀಟರ್ ಎತ್ತರಕ್ಕೆ ಏರಿತು. 1960ರ ಡೊನ್ನಾ ಹರಿಕೇನ್‌ನಲ್ಲಿ ಅಲ್ಲಿ ದಾಖಲಾಗಿದ್ದುದು ಸುಮಾರು 3 ಮೀಟರ್.

ಚಲಿಸುವ ನೀರಿನ ಬಲವನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ. ಒಂದು ಘನ ಮೀಟರ್ ಕಡಲ ನೀರು ಒಂದು ಟನ್‌ಗಿಂತ ಹೆಚ್ಚು ತೂಗುತ್ತದೆ. ವೇಗವಾಗಿ ಹರಿಯುವ 15 ಸೆಂ.ಮೀ. ನೀರು ವಯಸ್ಕನನ್ನು ಬೀಳಿಸಬಲ್ಲದು, 60 ಸೆಂ.ಮೀ. ನೀರು ಹೆಚ್ಚಿನ ವಾಹನಗಳನ್ನು ತೇಲಿಸಿಕೊಂಡು ಹೋಗಬಲ್ಲದು.

ಗಾಳಿಗೆ ಮುಂಚೆ ಬರುವ ನೀರು

ಕೆಲವು ಹರಿಕೇನ್‌ಗಳಲ್ಲಿ ದಡದ ಗಾಳಿ ಇನ್ನೂ ನೆಲದಿಂದ ಕಡಲಿನತ್ತ ಬೀಸುತ್ತಿರುವಾಗಲೇ ಕಡಲು ಏರತೊಡಗುತ್ತದೆ. ಇದಕ್ಕೆ ಮುನ್ನುಬ್ಬರ ಎನ್ನಬಹುದು. 1900ರ ಸೆಪ್ಟೆಂಬರ್ 8ರಂದು ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಬೆಳಗಿನ ಹೊತ್ತು ಉತ್ತರದ ಗಾಳಿ ಬೀಸುತ್ತಿತ್ತು. ಆದರೂ ದಕ್ಷಿಣದ ತಗ್ಗು ಬೀದಿಗಳಿಗೆ ಕಡಲು ನುಗ್ಗಿತ್ತು. ಎದುರುಗಾಳಿಯಲ್ಲಿ ಇಷ್ಟು ನೀರು ಏರಿದ್ದನ್ನು ತಾನು ಹಿಂದೆಂದೂ ಕಂಡಿಲ್ಲವೆಂದು ಅಲ್ಲಿನ ಹವಾಮಾನ ಅಧಿಕಾರಿ ಐಸಾಕ್ ಕ್ಲೈನ್ ತಂತಿ ಕಳುಹಿಸಿದರು. ನಗರದ ಅತಿ ಎತ್ತರದ ಸ್ಥಳವೂ ಕಡಲಿನ ಮಟ್ಟದಿಂದ 2.7 ಮೀಟರ್ ಮೇಲಿತ್ತಷ್ಟೆ. ಅಂದು ಬಂದ ಉಬ್ಬರ 4.5 ಮೀಟರ್ ಮೀರಿತು. ಸತ್ತವರ ಸಂಖ್ಯೆಯನ್ನು 6,000ದಿಂದ 12,000ದವರೆಗೆ ಅಂದಾಜಿಸಲಾಗಿದ್ದು, ಅಮೆರಿಕದ ಇತಿಹಾಸದಲ್ಲಿ ಇದಕ್ಕಿಂತ ಹೆಚ್ಚು ಪ್ರಾಣಹಾನಿ ಮಾಡಿದ ನೈಸರ್ಗಿಕ ವಿಕೋಪ ಇಲ್ಲ.

ನೂರಕ್ಕೂ ಹೆಚ್ಚು ವರ್ಷಗಳ ನಂತರ ಅದೇ ತೀರದಲ್ಲಿ ಅದೇ ಘಟನೆ ಮರುಕಳಿಸಿತು. 2008ರ ಸೆಪ್ಟೆಂಬರ್ 13ರಂದು ಐಕ್ ಹರಿಕೇನ್ ಗ್ಯಾಲ್ವೆಸ್ಟನ್ ತಲುಪುವ 12ರಿಂದ 24 ಗಂಟೆ ಮೊದಲೇ ನೀರು ಸುಮಾರು 2 ಮೀಟರ್ ಏರಿತ್ತು. ದಡಕ್ಕೆ ಸಮಾನಾಂತರವಾಗಿ ಬೀಸುವ ಗಾಳಿಯು ಅದೇ ದಿಕ್ಕಿನ ಪ್ರವಾಹವನ್ನು ಉಂಟುಮಾಡುತ್ತದೆ. ಭೂಮಿಯ ಆವರ್ತನೆಯ ಕಾರಣ ಉತ್ತರಾರ್ಧಗೋಳದಲ್ಲಿ ಆ ಪ್ರವಾಹ ಬಲಕ್ಕೆ ವಾಲುತ್ತದೆ. ಬಲಕ್ಕೆ ದಡವಿದ್ದರೆ ನೀರು ಅಲ್ಲಿ ಏರುತ್ತದೆ. ಐಕ್‌ನ ಮುನ್ನುಬ್ಬರಕ್ಕೆ ಸಂಶೋಧಕರು ಕೊಟ್ಟ ವಿವರಣೆ ಇದು. ಬೊಲಿವರ್ ಪರ್ಯಾಯದ್ವೀಪದಿಂದ ಹೊರಹೋಗುವ ತಗ್ಗು ರಸ್ತೆ ಹರಿಕೇನ್ ಬರುವ ಹಿಂದಿನ ದಿನವೇ ಮುಳುಗಿದ್ದರಿಂದ, ಕೊನೆಯ ಗಳಿಗೆಯಲ್ಲಿ ಹೊರಡಲು ಕಾದಿದ್ದವರನ್ನು ಹೆಲಿಕಾಪ್ಟರ್‌ಗಳಲ್ಲಿ ಎತ್ತಬೇಕಾಯಿತು. ಐಕ್ ಎರಡನೆಯ ವರ್ಗದ ಹರಿಕೇನ್ ಮಾತ್ರವಾಗಿತ್ತು.

ಹಿಂದೆ ಸರಿಯುವ ಕಡಲು

ಕೇಂದ್ರದ ಎಡಭಾಗದಲ್ಲಿ ಗಾಳಿ ನೆಲದಿಂದ ಕಡಲಿನತ್ತ ಬೀಸುವುದರಿಂದ ನೀರು ಹಿಂದೆ ಸರಿಯಬಹುದು. 2022ರ ಸೆಪ್ಟೆಂಬರ್ 28ರಂದು ಇಯನ್ ಹರಿಕೇನ್ ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯ ದಕ್ಷಿಣದಲ್ಲಿ ದಡ ಮುಟ್ಟಿದಾಗ ಟ್ಯಾಂಪಾದಲ್ಲಿ ಕೊಲ್ಲಿಯ ತಳ ಕಾಣಿಸಿತು, ಜನ ಅದರ ಮೇಲೆ ನಡೆದಾಡಿದರು. ಅದೇ ಹೊತ್ತಿಗೆ ದಕ್ಷಿಣದ ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ ನೀರು ನೆಲಮಟ್ಟದಿಂದ 3 ಮೀಟರ್‌ಗೂ ಮೇಲೆ ಏರಿತ್ತು. 2017ರ ಅರ್ಮಾ ಹರಿಕೇನ್‌ನಲ್ಲಿಯೂ ಫ್ಲಾರಿಡಾದ ಪಶ್ಚಿಮ ತೀರದಲ್ಲಿ ಕಡಲು ಹಿಂದೆ ಸರಿದು ಮ್ಯಾನಟಿ ಎಂಬ ಜಲಸಸ್ತನಿಗಳು ಕೆಸರಿನಲ್ಲಿ ಸಿಕ್ಕಿಕೊಂಡಿದ್ದವು. ಬರಿದಾದ ತಳಕ್ಕೆ ಇಳಿಯುವುದು ಅಪಾಯಕರ. ಕೇಂದ್ರ ದಾಟಿದ ಕೂಡಲೇ ಗಾಳಿ ದಿಕ್ಕು ಬದಲಿಸುತ್ತದೆ, ಹೋದ ನೀರು ಹೆಚ್ಚಿನ ಮಟ್ಟಕ್ಕೆ ವೇಗವಾಗಿ ಮರಳಬಹುದು. ಅರ್ಮಾದಲ್ಲಿ ನೇಪಲ್ಸ್ ಪಟ್ಟಣದ ಬಳಿ ಹೀಗೆಯೇ ಆಯಿತು.

ಕರಾವಳಿಯ ಭೂರೂಪ

ಅಮೆರಿಕದ ಪೂರ್ವ ಮತ್ತು ದಕ್ಷಿಣ ತೀರಗಳ ಬಹುಭಾಗದಲ್ಲಿ ದಡಕ್ಕೆ ಸಮಾನಾಂತರವಾಗಿ ಕಿರಿದಾದ ಮರಳಿನ ದ್ವೀಪಗಳಿವೆ. ಉಬ್ಬರದ ಮೇಲೇರಿ ಬರುವ ಅಲೆಗಳು ಮರಳುದಿಬ್ಬಗಳನ್ನು ಕೊರೆದು ಮರಳನ್ನು ಒಳಬದಿಗೆ ಹರಡುತ್ತವೆ. ದ್ವೀಪವೇ ಎರಡಾಗಿ ಹೊಸ ಕಾಲುವೆ ತೆರೆಯುವುದೂ ಉಂಟು. ಮೇರಿಲ್ಯಾಂಡ್‌ನ ಓಷನ್ ಸಿಟಿ ಕಾಲುವೆ 1933ರ, ಲಾಂಗ್ ಐಲ್ಯಾಂಡ್‌ನ ಶಿನೆಕಾಕ್ ಕಾಲುವೆ 1938ರ ಹರಿಕೇನ್‌ನಿಂದ ತೆರೆದವು. ಎರಡನ್ನೂ ಬಳಿಕ ಗಟ್ಟಿಗೊಳಿಸಿ ದೋಣಿಗಳ ಸಂಚಾರಕ್ಕೆ ಉಳಿಸಿಕೊಳ್ಳಲಾಗಿದೆ.

ಎಚ್ಚರಿಕೆಗಳು ಮತ್ತು ಬಂದರುಗಳು

ಅಟ್ಲಾಂಟಿಕ್ ಮತ್ತು ಪೂರ್ವ ಪೆಸಿಫಿಕ್ ಹರಿಕೇನ್‌ಗಳ ಮುನ್ಸೂಚನೆಯನ್ನು ಮಯಾಮಿಯಲ್ಲಿರುವ ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರವು ಆರು ಗಂಟೆಗೊಮ್ಮೆ ಪ್ರಕಟಿಸುತ್ತದೆ. ಕರಾವಳಿಗೆ ಎಚ್ಚರಿಕೆ ಜಾರಿಯಲ್ಲಿದ್ದಾಗ ಮಧ್ಯಂತರ ಪ್ರಕಟಣೆಗಳೂ ಇರುತ್ತವೆ. ಹರಿಕೇನ್ ಸಾಧ್ಯತೆಯಿದ್ದರೆ 48 ಗಂಟೆ ಮೊದಲು ನಿಗಾ ಸೂಚನೆಯನ್ನೂ ನಿರೀಕ್ಷೆಯಿದ್ದರೆ 36 ಗಂಟೆ ಮೊದಲು ಎಚ್ಚರಿಕೆಯನ್ನೂ ಹೊರಡಿಸುತ್ತಾರೆ. ಈ ಗಂಟೆಗಳನ್ನು ಎಣಿಸುವುದು ಹರಿಕೇನ್ ಕೇಂದ್ರ ಬರುವ ಹೊತ್ತಿನಿಂದ ಅಲ್ಲ, ಉಷ್ಣವಲಯದ ಬಿರುಗಾಳಿಯ ವೇಗದ ಗಾಳಿ ಆರಂಭವಾಗುವ ಹೊತ್ತಿನಿಂದ. ಆ ಗಾಳಿ ಬೀಸತೊಡಗಿದ ಮೇಲೆ ಹೊರಗಿನ ಸಿದ್ಧತೆ ಅಸುರಕ್ಷಿತ. ಉಬ್ಬರಕ್ಕೆ ಪ್ರತ್ಯೇಕ ಎಚ್ಚರಿಕೆಯನ್ನು 2017ರಿಂದ ಕೊಡಲಾಗುತ್ತಿದೆ.

ಮುನ್ಸೂಚನಾ ನಕ್ಷೆಯಲ್ಲಿನ ಶಂಕುವಿನಾಕಾರವನ್ನು ತಪ್ಪಾಗಿ ಓದುವವರು ಬಹಳ. ಅದು ಅಪಾಯದ ಪ್ರದೇಶವನ್ನು ತೋರಿಸುವುದಿಲ್ಲ, ಹರಿಕೇನ್‌ನ ಕೇಂದ್ರವು ಸಾಗಬಹುದಾದ ಹರವನ್ನಷ್ಟೇ ತೋರಿಸುತ್ತದೆ. ಮೂರರಲ್ಲಿ ಒಂದು ಬಾರಿ ಕೇಂದ್ರ ಅದರ ಹೊರಗೂ ಹೋಗುತ್ತದೆ. ಅಲೆ, ಉಬ್ಬರ, ಮಳೆಗಳು ಶಂಕುವಿನ ಗಡಿಯಲ್ಲಿ ನಿಲ್ಲುವುದಿಲ್ಲ.

ಅಮೆರಿಕದ ಬಂದರುಗಳಲ್ಲಿ ಕರಾವಳಿ ರಕ್ಷಣಾ ಪಡೆಯು ಬಿರುಗಾಳಿ ನಿರೀಕ್ಷೆಯ 72, 48, 24 ಮತ್ತು 12 ಗಂಟೆಗಳ ಮುಂಚೆ ಕ್ರಮವಾಗಿ ವಿಸ್ಕಿ, ಎಕ್ಸ್-ರೇ, ಯಾಂಕಿ, ಜುಲು ಎಂಬ ನಾಲ್ಕು ಸ್ಥಿತಿಗಳನ್ನು ಘೋಷಿಸುತ್ತದೆ. ದೊಡ್ಡ ಹಡಗುಗಳು ಕಟ್ಟೆಗೆ ಬಡಿದು ಒಡೆಯುವ ಬದಲು ಮುಂಚಿತವಾಗಿ ಕಡಲಿಗೆ ಹೋಗಿ ಹರಿಕೇನ್‌ನ ದಾರಿಯಿಂದ ದೂರ ಸರಿಯುತ್ತವೆ. ಜುಲು ಸ್ಥಿತಿಯಲ್ಲಿ ಬಂದರು ಮುಚ್ಚುತ್ತದೆ. ಸಣ್ಣ ದೋಣಿಗಳನ್ನು ನೀರಿನಿಂದ ಎತ್ತಿಡುವುದು ಅಥವಾ ಒಳಗಿನ ತೊರೆಗಳಲ್ಲಿ ಉದ್ದದ ಹಗ್ಗಗಳಿಂದ ಕಟ್ಟುವುದು ರೂಢಿ. ನೀರಿನ ಮಟ್ಟ ಏರಿದಾಗ ಗಿಡ್ಡ ಹಗ್ಗ ದೋಣಿಯನ್ನೇ ಮುಳುಗಿಸಬಹುದು.

ದೋಣಿಯನ್ನು ಕಾಯಲು ಅದರಲ್ಲೇ ಉಳಿಯಬಾರದು. 2023ರ ಅಕ್ಟೋಬರ್‌ನಲ್ಲಿ ಒಟಿಸ್ ಎಂಬ ಉಷ್ಣವಲಯದ ಬಿರುಗಾಳಿ ಒಂದೇ ದಿನದಲ್ಲಿ ಐದನೆಯ ವರ್ಗದ ಹರಿಕೇನ್ ಆಗಿ ಅಕ್ಟೋಬರ್ 25ರಂದು ಮೆಕ್ಸಿಕೊದ ಅಕಪುಲ್ಕೊವನ್ನು ಅಪ್ಪಳಿಸಿತು. ಅಷ್ಟು ಪ್ರಬಲವಾಗುತ್ತದೆ ಎಂಬುದು ಕೊನೆಯ ಗಂಟೆಗಳವರೆಗೂ ತಿಳಿದಿರಲಿಲ್ಲ. ಕೊಲ್ಲಿಯಲ್ಲಿದ್ದ ಅನೇಕ ದೋಣಿಗಳು ಮುಳುಗಿ, ಅವುಗಳಲ್ಲಿ ಉಳಿದಿದ್ದ ಹಲವು ನಾವಿಕರು ಸತ್ತರು.

ಕೊನೆಯ ಗಂಟೆಗಳು ಮತ್ತು ಕಣ್ಣು

ಕೇಂದ್ರ ಕೆಲವೇ ಗಂಟೆಗಳ ದೂರದಲ್ಲಿರುವಾಗ ಕಡಲಿನ ಮೇಲ್ಮೈ ನೊರೆಯಿಂದ ಬೆಳ್ಳಗಾಗುತ್ತದೆ. ಗಾಳಿಯಲ್ಲಿ ತುಂತುರು ತುಂಬಿ ದೂರದ ನೋಟ ಇಲ್ಲವಾಗುತ್ತದೆ. ಕೇಂದ್ರದ ಕಣ್ಣು ಮೇಲಿನಿಂದ ಹಾದರೆ ಗಾಳಿ ಹಠಾತ್ತನೆ ತಗ್ಗಿ ಆಕಾಶವೂ ಕಾಣಿಸಬಹುದು. ಕಣ್ಣಿನ ಅಗಲ ಸಾಮಾನ್ಯವಾಗಿ 30ರಿಂದ 65 ಕಿ.ಮೀ. ಇರುವುದರಿಂದ ಈ ಬಿಡುವು ಕೆಲವು ನಿಮಿಷಗಳಿಂದ ಒಂದೆರಡು ಗಂಟೆಗಳವರೆಗೆ ಇದ್ದು, ಬಳಿಕ ವಿರುದ್ಧ ದಿಕ್ಕಿನಿಂದ ಗಾಳಿ ಅದೇ ಬಲದಲ್ಲಿ ಬೀಸುತ್ತದೆ. ಕಡಲಿನಲ್ಲಿ ಇಂತಹ ಬಿಡುವೂ ಇಲ್ಲ. ಕಣ್ಣಿನೊಳಗೆ ಎಲ್ಲ ದಿಕ್ಕುಗಳ ಅಲೆಗಳು ಒಂದನ್ನೊಂದು ಹಾಯುವುದರಿಂದ ಹಡಗಿಗೆ ಯಾವ ಅಲೆಗೆ ಮುಖ ಕೊಡಬೇಕೆಂಬುದೇ ತಿಳಿಯುವುದಿಲ್ಲ.

ಅರಬ್ಬಿ ಸಮುದ್ರ ಮತ್ತು ಕರ್ನಾಟಕ ಕರಾವಳಿ

ಅರಬ್ಬಿ ಸಮುದ್ರದ ಚಂಡಮಾರುತಗಳನ್ನು ಹರಿಕೇನ್ ಎಂದು ಕರೆಯುವುದಿಲ್ಲವಾದರೂ ಕಡಲಿನ ವರ್ತನೆ ಅದೇ. ಭಾರತೀಯ ಹವಾಮಾನ ಇಲಾಖೆಯು ಗಾಳಿಯ ವೇಗ 64 ನಾಟ್ ತಲುಪಿದ ಚಂಡಮಾರುತವನ್ನು ಅತಿ ತೀವ್ರ ಚಂಡಮಾರುತ ಎಂದು ವರ್ಗೀಕರಿಸುತ್ತದೆ. ಇಲ್ಲಿ ಗಾಳಿಯ ಸರಾಸರಿಯನ್ನು ಒಂದು ನಿಮಿಷದ ಬದಲು ಮೂರು ನಿಮಿಷಗಳಿಗೆ ಲೆಕ್ಕಹಾಕುತ್ತಾರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರ್ನಾಟಕದಲ್ಲಿ ದಡ ಮುಟ್ಟದೆ ಉತ್ತರಕ್ಕೆ ಸಾಗಿ ಗುಜರಾತ್ ತಲುಪಿತು. ಆದರೂ ಮಂಗಳೂರಿನ ಬಳಿಯ ಉಳ್ಳಾಲ, ಸೋಮೇಶ್ವರಗಳಲ್ಲಿ ಕಡಲ್ಕೊರೆತ ತೀವ್ರವಾಗಿತ್ತು. ಮೂಲ್ಕಿಯ ಆಚೆ ಬಂಡೆಗಳಿಗೆ ಸಿಕ್ಕಿಕೊಂಡ ಟಗ್ ದೋಣಿಯಿಂದ ಒಂಬತ್ತು ಮಂದಿಯನ್ನು ರಕ್ಷಿಸಲಾಯಿತು.

ಸ್ಥಳೀಯವಾಗಿ ಗಾಳಿಯಿಲ್ಲದಾಗಲೂ ಕೇರಳ ಮತ್ತು ಕರ್ನಾಟಕದ ತೀರಗಳಿಗೆ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳ ಸ್ವೆಲ್ ಬಂದು ತಗ್ಗು ಪ್ರದೇಶಗಳಿಗೆ ನೀರು ನುಗ್ಗುವುದುಂಟು. ಮಲಯಾಳಂ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಹೇಳದೆ ಕೇಳದೆ ಕಳ್ಳನಂತೆ ಬರುವ ಕಡಲು ಎಂಬ ಅರ್ಥ ಕನ್ನಡಿಗರಿಗೂ ವಿವರಣೆಯಿಲ್ಲದೆ ತಿಳಿಯುತ್ತದೆ. ಈ ಪದವು ವೈಜ್ಞಾನಿಕ ಬರಹಗಳಲ್ಲಿಯೂ ಬಳಕೆಗೆ ಬಂದಿದೆ. ಇದರ ಮುನ್ಸೂಚನೆಯನ್ನು ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯ್ಸ್, ನೀಡುತ್ತದೆ.